ಅನುವಾದ ಆದ ಕೃತಿಯ ಮೇಲೆ ಎಸ್ಸೇ ಬರೀಲಿಕ್ಕೆ ಉಂಟಾ? ಹೀಗೆ ಪ್ಲಾನ್ ಮಾಡಿ

ಮಂಗಳೂರು, ಉಡುಪಿ ಕಡೆ ಬಿಎ, ಎಂಎ ಮಾಡ್ತಾ ಇರುವವರಿಗೆ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಈ ಅಸೈನ್‌ಮೆಂಟ್ ಬಂದೇ ಬರ್ತದೆ. ಇಂಗ್ಲಿಷ್‌ಗೆ ಹೋದ ಕನ್ನಡ ಕಾದಂಬರಿ ಓದಿ ಎಸ್ಸೇ ಬರೀರಿ, ಇಲ್ಲಾಂದ್ರೆ ಹೊರಗಿಂದ ಕನ್ನಡಕ್ಕೆ ಬಂದ ಕೃತಿಯ ಮೇಲೆ ಬರೀರಿ ಅಂತ. ಆಗ ಹೆಚ್ಚಿನವರು ಮಾಡುವುದೆಂತ ಅಂದ್ರೆ ಅನುವಾದ ಅನ್ನುವ ವಿಷಯವನ್ನೇ ಬದಿಗಿಟ್ಟು, ಲೇಖಕರು ಇಂಗ್ಲಿಷ್‌ನಲ್ಲೇ ಬರೆದದ್ದೇನೋ ಅನ್ನುವ ಹಾಗೆ ಬರೆದುಬಿಡ್ತಾರೆ, "ಲೇಖಕರ ಶೈಲಿ ಸರಳ, ವಾಕ್ಯಗಳು ಚಿಕ್ಕವು" ಅಂತೆಲ್ಲ. ಆ ಚಿಕ್ಕ ವಾಕ್ಯ ಲೇಖಕರದ್ದಾ ಅನುವಾದಕರದ್ದಾ ಅಂತ ಮೇಷ್ಟ್ರು ಕೇಳಿದರೆ ಉತ್ತರ ಇರುವುದಿಲ್ಲ. ನನ್ನ ಪ್ರಕಾರ ಇಡೀ ಎಸ್ಸೇಯ ಪ್ಲಾನ್ ನಿಲ್ಲಬೇಕಾದ್ದು ಈ ಒಂದು ಪ್ರಶ್ನೆ ಮೇಲೆ. ನಾನು ಹೇಳ್ತಾ ಇರುವ ಪಾಯಿಂಟ್ ಯಾರ ಕೈಯದ್ದು? ಇದನ್ನು ಬರೀಲಿಕ್ಕೆ ಕೂರುವ ಮೊದಲೇ ಕೇಳಿಕೊಂಡರೆ ಅರ್ಧ ಕೆಲಸ ಸಲೀಸು.

ಮತ್ತೆ ನಮಗೊಂದು ದೊಡ್ಡ ಅನುಕೂಲ ಉಂಟು, ಅದನ್ನು ಯಾರೂ ಸರಿಯಾಗಿ ಬಳಸುವುದಿಲ್ಲ ಅಂತ ನನಗೆ ಬೇಜಾರು. ದೂರದ ಯಾವುದೋ ದೇಶದಲ್ಲಿ ಕೂತು ಅನಂತಮೂರ್ತಿಯವರನ್ನು ಇಂಗ್ಲಿಷ್‌ನಲ್ಲಿ ಓದುವ ವಿದ್ಯಾರ್ಥಿಗೆ ಮೂಲ ಮುಚ್ಚಿದ ಬಾಗಿಲು. ನಮಗೆ ಹಾಗಲ್ಲ, ಎರಡೂ ಪುಸ್ತಕ ಮೇಜಿನ ಮೇಲೆ ಇಟ್ಟು ಓದಬಹುದು, ಅದರ ಮೇಲೆ ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಅಂತ ಕಿವಿಗೆ ಅಭ್ಯಾಸ ಇರುವ ಭಾಷೆಗಳು ಬೇರೆ. ಈ ಓದುಗರ ಹಕ್ಕನ್ನು ಎಸ್ಸೇಯೊಳಗೆ ತನ್ನಿ.

ಮೊದಲು ಪುಸ್ತಕದ ಕಥೆಗೆ ಹೋಗಬೇಡಿ, ಮುಂದಿನ ನಾಲ್ಕು ಪುಟ ಮತ್ತು ಹಿಂದಿನ ಪುಟಗಳನ್ನು ನೋಡಿ. ಅನುವಾದಕರು ಯಾರು, ಮೂಲ ಬಂದ ವರ್ಷ ಯಾವುದು, ಅನುವಾದ ಬಂದ ವರ್ಷ ಯಾವುದು, ಮುನ್ನುಡಿ ಉಂಟಾ, ಹಿನ್ನುಡಿ ಉಂಟಾ, ಶಬ್ದಾರ್ಥದ ಪಟ್ಟಿ ಉಂಟಾ, ಟಿಪ್ಪಣಿ ಉಂಟಾ. ಇದನ್ನೆಲ್ಲ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರ್ಕೊಳ್ಳಿ. ಉದಾಹರಣೆಗೆ "ಸಂಸ್ಕಾರ" ತಗೊಳ್ಳಿ, ಕನ್ನಡದಲ್ಲಿ 1965, ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ 1976. ಇಂಗ್ಲಿಷ್ ಪುಸ್ತಕ ಶುರುವಾಗುವ ಮೊದಲೇ ಸಂಸ್ಕಾರ ಅನ್ನುವುದಕ್ಕೆ ಕಿಟ್ಟೆಲ್ ನಿಘಂಟಿನಲ್ಲಿರುವ ಅರ್ಥಗಳ ಪಟ್ಟಿ ಕೊಟ್ಟಿದ್ದಾರೆ, ನಮ್ಮ ಮಂಗಳೂರಿನ ಬಾಸೆಲ್ ಮಿಶನ್‌ನಿಂದ 1894ರಲ್ಲಿ ಅಚ್ಚಾಗಿ ಬಂದ ನಿಘಂಟು ಅದು. ಅಂದ್ರೆ ಇಂಗ್ಲಿಷ್ ಓದುಗ ಕಥೆಯೊಳಗೆ ಕಾಲಿಡುವಾಗ ಅವನ ಕೈಯಲ್ಲಿ ಒಂದು ಕೀಲಿ ಇರ್ತದೆ, ಕನ್ನಡ ಓದುಗನಿಗೆ ಆ ಕೀಲಿ ಯಾರೂ ಕೊಡುವುದಿಲ್ಲ, ಅವನು ಕಥೆ ಓದ್ತಾ ಓದ್ತಾ ತಾನೇ ಹುಡುಕ್ತಾನೆ. ಹಿಂದೆ ರಾಮಾನುಜನ್ ಅವರ ಹಿನ್ನುಡಿ ಕೂಡ ಉಂಟು, ಸತ್ತವನ ಸಂಸ್ಕಾರದ ಪ್ರಶ್ನೆ ಬದುಕಿರುವ ಕಥಾನಾಯಕ ಪ್ರಾಣೇಶಾಚಾರ್ಯರ ಸಂಸ್ಕಾರವಾಗಿ ತಿರುಗುವುದನ್ನು ಅವರು ಅಲ್ಲಿ ಚಂದ ಮಾಡಿ ತೋರಿಸ್ತಾರೆ. ಆದರೆ ದಯವಿಟ್ಟು ಆ ಹಿನ್ನುಡಿಯನ್ನು ನಿಮ್ಮ ಎಸ್ಸೇಯ ಡ್ರಾಫ್ಟ್ ಮುಗಿಯುವವರೆಗೆ ಓದಬೇಡಿ. ಅದು ಎಷ್ಟು ಒಳ್ಳೇದು ಅಂದ್ರೆ ಓದಿದ ಮೇಲೆ ನಿಮಗೆ ಬೇರೆ ಏನೂ ಹೊಳೆಯುವುದಿಲ್ಲ, ಹತ್ತು ಜನ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಬರೆದು ಕೊಡ್ತಾರೆ.

ಮೂಲ ಪ್ರತಿ ಸಿಗುವುದು ಕಷ್ಟ ಇಲ್ಲ. ಕಾಲೇಜು ಲೈಬ್ರರಿಯಲ್ಲಿ ಇಲ್ಲಾಂದ್ರೆ ಕೊಣಾಜೆಯ ಯೂನಿವರ್ಸಿಟಿ ಲೈಬ್ರರಿ ಉಂಟು, ಉಡುಪಿಯವರಿಗೆ ಎಂಜಿಎಂ ಕಾಲೇಜಿನ ಹತ್ತಿರ ಗೋವಿಂದ ಪೈ ಸಂಶೋಧನ ಕೇಂದ್ರ ಉಂಟು, ಮಿಶನ್ ಕಾಲದ ಹಳೇ ಪುಸ್ತಕ ಬೇಕಾದರೆ ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನಲ್ಲಿ ವಿಚಾರಿಸಿ. ಎಲ್ಲಿಗೆ ಹೋಗುವುದಾದರೂ ಮೊದಲು ಫೋನ್ ಮಾಡಿ, ಕಾಲೇಜಿನಿಂದ ಒಂದು ಲೆಟರ್ ತಗೊಂಡು ಹೋದರೆ ಒಳ್ಳೇದು.

ಈಗ ಓದುವ ವಿಷಯ. ಒಂದು ಸಲ ಸುಮ್ಮನೆ ಕಥೆ ಅಂತ ಓದಿ, ಪೆನ್ಸಿಲ್ ಮುಟ್ಟಬೇಡಿ. ಎರಡನೇ ಸಲ ಓದುವಾಗ ಪುಟದ ಮಧ್ಯ ಒಂದು ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ಬರುವುದು ಯಾರು ಅನುವಾದ ಮಾಡಿದರೂ ಬದಲಾಗದ ವಿಷಯ. ಯಾವ ಘಟನೆ ಮೊದಲು ಯಾವುದು ನಂತರ, ಕಥೆ ಯಾರ ಕಣ್ಣಿನಿಂದ ಕಾಣ್ತದೆ, ಯಾರಿಗೆ ಏನು ಗೊತ್ತುಂಟು ಯಾರಿಗೆ ಗೊತ್ತಿಲ್ಲ, ಯಾರು ಮಾತಾಡ್ತಾರೆ ಯಾರು ಮಾತೇ ಆಡುವುದಿಲ್ಲ, ಕಥೆ ಎಲ್ಲಿ ನಿಲ್ತದೆ. ಬಲಕ್ಕೆ ಬರುವುದು ಅನುವಾದಕರ ಕೈಯಲ್ಲಿ ಬದಲಾಗಬಹುದಾದ್ದು, ವಾಕ್ಯದ ಉದ್ದ, ಲಯ, ಬೈಗುಳದ ಬಿಸಿ, ಗಾದೆ, ಊರಿನ ಮಾತಿನ ಧಾಟಿ, ತಮಾಷೆ. ಒಂದೊಂದು ಪಾಯಿಂಟ್ ಬರೆಯುವಾಗಲೂ ಕೇಳಿ, ಬೇರೆ ಯಾರಾದರೂ ಅನುವಾದ ಮಾಡಿದ್ದರೆ ಈ ಮಾತು ನಿಲ್ತಿತ್ತಾ? ನಿಲ್ತದೆ ಅಂತಾದರೆ ಎಡಕ್ಕೆ ಹಾಕಿ, ಅದರ ಮೇಲೆ ಧೈರ್ಯವಾಗಿ ಎಸ್ಸೇ ಕಟ್ಟಬಹುದು. ಅನುಮಾನ ಬಂದರೆ ಬಲಕ್ಕೆ, ಮೂಲ ತೆಗೆದು ನೋಡದೆ ಅದನ್ನು ಬಳಸಬೇಡಿ.

ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸ್ತೇನೆ. ಸಂಸ್ಕಾರದಲ್ಲಿ ಬ್ರಾಹ್ಮಣರ ಆಚಾರ ಬಿಟ್ಟ ನಾರಣಪ್ಪ ಸತ್ತು ಹೆಣ ಬಿದ್ದಿದೆ, ಯಾರು ಸಂಸ್ಕಾರ ಮಾಡಬೇಕು ಅಂತ ದೂರ್ವಾಸಪುರದ ಅಗ್ರಹಾರ ಕಚ್ಚಾಡ್ತಾ ಉಂಟು, ಪ್ರಾಣೇಶಾಚಾರ್ಯರು ಗ್ರಂಥ ತಿರುವಿ ಹಾಕ್ತಾರೆ, ಮಾರುತಿ ಗುಡಿಗೆ ಹೋಗಿ ಕೂತ್ಕೊಳ್ತಾರೆ, ಉತ್ತರ ಸಿಗುವುದಿಲ್ಲ. ಇದು ಎಲ್ಲರೂ ಬರೆಯುವ ಭಾಗ. ಆದರೆ ಮಧ್ಯದಲ್ಲಿ ಒಂದು ರಾತ್ರಿ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಹೋಗಿ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯ ತಗೊಂಡು ಹೆಣ ಸುಟ್ಟೇ ಬಿಡ್ತಾಳೆ. ಆಮೇಲೆ ಊರು ಬಿಟ್ಟು ಹೋಗ್ತಾಳೆ. ಇದು ಓದುಗರಿಗೆ ಗೊತ್ತುಂಟು, ಅಗ್ರಹಾರದವರಿಗೆ ಗೊತ್ತಿಲ್ಲ. ಅವರು ಅದೇ ಪ್ರಶ್ನೆ ಹೊತ್ತುಕೊಂಡು ಊರಿಂದ ಊರಿಗೆ, ಮಠಕ್ಕೆ ಅಲೀತಾ ಇರ್ತಾರೆ, ಪ್ರಶ್ನೆ ಆಗಲೇ ಬೂದಿಯಾಗಿದೆ. ಈ ಪಾಯಿಂಟ್ ನೋಡಿ, ಯಾರಿಗೆ ಏನು ಗೊತ್ತು ಅನ್ನುವುದರ ಮೇಲೆ ನಿಂತಿದೆ, ಆದ್ದರಿಂದ ರಾಮಾನುಜನ್ ಅಲ್ಲ ಬೇರೆ ಯಾರು ಅನುವಾದ ಮಾಡಿದರೂ ಅಲ್ಲಾಡುವುದಿಲ್ಲ. ಎಡಭಾಗದ ಪಾಯಿಂಟ್.

ಈಗ ಇದಕ್ಕೆ ನಮ್ಮ ಊರಿನ ಕಣ್ಣು ಸೇರಿಸಿ. ಚಂದ್ರಿ ಎಲ್ಲಿಯವಳು? ನಾರಣಪ್ಪ ಅವಳನ್ನು ಕರ್ಕೊಂಡು ಬಂದದ್ದು ಕುಂದಾಪುರದಿಂದ, ಅವಳು ವಾಪಸು ಹೋಗುವುದೂ ಕುಂದಾಪುರಕ್ಕೆ. ಇಂಗ್ಲಿಷ್ ಪುಸ್ತಕದಲ್ಲಿ ಬಾರಿ ಅಂತ ಕಾಣುವ ಹೆಸರು ಹೊರಗಿನ ಓದುಗನಿಗೆ ಬರೀ ಒಂದು ಸರ್‌ನೇಮ್, ನಮಗೆ ಅದು ಬ್ಯಾರಿ, ಅಂದ್ರೆ ಕರಾವಳಿಯ ಮುಸ್ಲಿಂ ಸಮುದಾಯದ ಹೆಸರು, ಅಂತ ಕೂಡಲೇ ತಿಳೀತದೆ, ಬಂದರಿನ ಕಡೆ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಅಂದ್ರೆ ಮಲೆನಾಡಿನ ಅಗ್ರಹಾರ ಕೈಕಟ್ಟಿ ಕೂತಾಗ ಹೆಣಕ್ಕೆ ಬೆಂಕಿ ಕೊಟ್ಟವರಿಬ್ಬರಿಗೂ ಘಟ್ಟದ ಕೆಳಗಿನ ನಂಟು ಉಂಟು. ಕೊನೆಯಲ್ಲಿ ಆಚಾರ್ಯರಿಗೂ ಕುಂದಾಪುರಕ್ಕೆ ಹೋಗಿ ಚಂದ್ರಿಯ ಜೊತೆ ಇದ್ದುಬಿಡುವ ಯೋಚನೆ ಬರ್ತದೆ. ಕಥೆಯ ಒಳಗೆ ನಾವು ಒಮ್ಮೆಯೂ ಕುಂದಾಪುರಕ್ಕೆ ಕಾಲಿಡುವುದಿಲ್ಲ, ಆದರೆ ಅಗ್ರಹಾರದಿಂದ ಹೊರಗೆ ಒಂದು ದಾರಿ ಇದ್ದರೆ ಅದು ಆ ಕಡೆಗೇ ಇಳಿಯುವುದು. ಇದು ನಮ್ಮ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಬರೀಬಹುದಾದ ಎಸ್ಸೇ. ಆದರೆ ಅಹಮದ್ ಬ್ಯಾರಿಯ ಬಗ್ಗೆ ಹೆಸರು ಬಿಟ್ಟು ಬೇರೆ ಆಧಾರ ಕೈಯಲ್ಲಿ ಇಲ್ಲದಿದ್ದರೆ ಜಾಸ್ತಿ ಎಳೆಯಬೇಡಿ, ಒಂದು ವಾಕ್ಯ ಸಾಕು, ತೂಕ ಎಲ್ಲ ಚಂದ್ರಿ ಮತ್ತು ಕುಂದಾಪುರದ ಮೇಲೆ ಇರಲಿ.

ಇನ್ನು ವಾದದ ವಾಕ್ಯ. ಮೇಷ್ಟ್ರುಗಳು ಥೀಸಿಸ್ ಸ್ಟೇಟ್‌ಮೆಂಟ್ ಅಂತಾರಲ್ಲ ಅದು. "ಸಂಸ್ಕಾರ ಕಾದಂಬರಿ ಜಾತಿ ವ್ಯವಸ್ಥೆಯನ್ನು ಟೀಕಿಸುತ್ತದೆ" ಅಂತ ಬರೆದರೆ ಯಾರೂ ಇಲ್ಲ ಅನ್ನುವುದಿಲ್ಲ, ಇಲ್ಲ ಅನ್ನದಿದ್ದರೆ ಅದು ವಾದ ಅಲ್ಲ. ಹೀಗೆ ಬರೆದು ನೋಡಿ: "ಶವ ದಹನವಾದ ಸಂಗತಿಯನ್ನು ಓದುಗರಿಗೆ ಮಾತ್ರ ತಿಳಿಸುವ ಮೂಲಕ ಕಾದಂಬರಿಯು, ಸಂಸ್ಕಾರ ಮಾಡುವ ಹಕ್ಕು ಯಾರದು ಎಂಬ ಅಗ್ರಹಾರದ ಪ್ರಶ್ನೆಯನ್ನು, ಮಾಡಿದವರು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬ ಪ್ರಶ್ನೆಯಾಗಿ ಬದಲಿಸುತ್ತದೆ." ಇದಕ್ಕೆ ಯಾರಾದರೂ ಎದುರು ಹೇಳಬಹುದು, ಕಾದಂಬರಿಯ ನಡು ಆಚಾರ್ಯರು, ಚಂದ್ರಿ ಅಲ್ಲ, ಅವಳು ಮಧ್ಯದಲ್ಲೇ ಮಾಯ ಆಗ್ತಾಳಲ್ಲ ಅಂತ. ಒಳ್ಳೇದೇ ಆಯಿತು, ಆ ಎದುರು ಮಾತನ್ನು ಎಸ್ಸೇಯ ಮೂರನೇ ಭಾಗದಲ್ಲಿ ನೀವೇ ಎತ್ತಿ ಉತ್ತರ ಕೊಡಿ. ಅವಳು ಮಾಯ ಆಗುವುದು ಕಾದಂಬರಿಯ ಕಣ್ಣಿನ ಮಿತಿಯಾ, ಅಗ್ರಹಾರದ ಕಣ್ಣಿನ ಮಿತಿಯಾ? ಎಸ್ಸೇಗೆ ಜೀವ ಬರುವುದು ಅಲ್ಲಿ.

ಬಲಭಾಗದ ಪಾಯಿಂಟ್‌ಗಳನ್ನು ಬಿಸಾಡಬೇಕು ಅಂತ ಅಲ್ಲ ಮಾರಾಯ್ರೆ, ಅವುಗಳಿಗೆ ಕೆಲಸ ಜಾಸ್ತಿ ಅಷ್ಟೇ. ಅನುವಾದದಿಂದ ಒಂದು ಪ್ಯಾರಾ ಆರಿಸಿ, ಮೂಲದ ಅದೇ ಪ್ಯಾರಾ ಹುಡುಕಿ, ಒಂದು ಹಾಳೆಯಲ್ಲಿ ಎದುರುಬದುರು ಕೈಯಲ್ಲೇ ಬರ್ಕೊಳ್ಳಿ. ಟೈಪ್ ಮಾಡಬೇಡಿ, ಕೈಯಲ್ಲಿ ಬರೆಯುವಾಗ ಕಣ್ಣು ನಿಧಾನ ಆಗ್ತದೆ, ಎಲ್ಲಿ ಒಂದು ವಾಕ್ಯ ಎರಡಾಯಿತು, ಎಲ್ಲಿ ಒಂದು ಮಾತು ಬಿಟ್ಟು ಹೋಯಿತು, ಎಲ್ಲಿ ಮೂಲದಲ್ಲಿ ಇಲ್ಲದ ವಿವರಣೆ ಸೇರಿತು ಅಂತ ಕಾಣ್ತದೆ. ಸಂಭಾಷಣೆ ಇರುವ ಭಾಗ ಆರಿಸಿದರೆ ಫಲ ಬೇಗ, ಯಾಕಂದ್ರೆ ಕನ್ನಡದಲ್ಲಿ ಏಕವಚನ ಬಹುವಚನದಲ್ಲೇ ಜಾತಿ, ವಯಸ್ಸು, ಸಲಿಗೆ, ಸಿಟ್ಟು ಎಲ್ಲ ಗೊತ್ತಾಗ್ತದೆ, ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಅನುವಾದಕರು ಆ ಅಂತರವನ್ನು ಬೇರೆ ಯಾವ ದಾರಿಯಲ್ಲಿ ತಂದಿದ್ದಾರೆ, ಸಂಬೋಧನೆಯಲ್ಲಾ, ವಾಕ್ಯದ ಗಡಸಿನಲ್ಲಾ, ಪಾತ್ರದ ಮೈಭಾಷೆಯ ವರ್ಣನೆಯಲ್ಲಾ ಅಂತ ನೋಡಿ. ಇಷ್ಟು ಹುಡುಕಿ ಎರಡು ಪ್ಯಾರಾದ ಹೋಲಿಕೆ ಸಿಕ್ಕಿದರೆ ಎಸ್ಸೇಗೆ ಧಾರಾಳ ಸಾಕು.

"ಅನುವಾದದಲ್ಲಿ ಮೂಲದ ಸೊಗಡು ಕಳೆದುಹೋಗಿದೆ" ಅನ್ನುವ ವಾಕ್ಯವನ್ನು ಮಾತ್ರ ಬರೀಬೇಡಿ. ಅದು ವಿಶ್ಲೇಷಣೆ ಅಲ್ಲ, ದೂರು. ಅನುವಾದಕರು ಒಂದು ಕಡೆ ಬಿಟ್ಟದ್ದನ್ನು ಇನ್ನೊಂದು ಕಡೆ ತಂದಿರ್ತಾರೆ, ಕೆಲವು ಕಡೆ ಬೇಕೆಂತಲೇ ಓದುಗನನ್ನು ಎಡವಿಸ್ತಾರೆ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಬಾನು ಮುಷ್ತಾಕ್ ಅವರ "ಹಾರ್ಟ್ ಲ್ಯಾಂಪ್" ನೋಡಿ, ಹನ್ನೆರಡು ಕಥೆಗಳ ಸಂಕಲನ, ದೀಪಾ ಭಾಸ್ತಿ ಅನುವಾದ ಮಾಡಿದ್ದು, ಅದರಲ್ಲಿ ಕನ್ನಡ, ಉರ್ದು, ಅರಬಿ ಮಾತುಗಳನ್ನು ಇಟಾಲಿಕ್ಸ್ ಮಾಡದೆ, ಅಡಿಟಿಪ್ಪಣಿ ಕೊಡದೆ ಹಾಗೇ ಬಿಟ್ಟಿದ್ದಾರೆ. ಇದು ಮರೆವು ಅಲ್ಲ, ನಿಲುವು. ಇಂಥ ನಿಲುವು ಕಂಡರೆ ಅದರಿಂದ ಓದುವ ಅನುಭವ ಹೇಗೆ ಬದಲಾಯಿತು, ಯಾವ ಪಾತ್ರ ಹತ್ತಿರ ಬಂತು, ಯಾರು ಹೊರಗೆ ಉಳಿದರು ಅಂತ ಬರೀರಿ. ಆ ಬಹುಮಾನದ ಹಣ ಲೇಖಕರಿಗೂ ಅನುವಾದಕರಿಗೂ ಸಮಪಾಲು ಹಂಚುವುದು ಅನ್ನುವುದೂ ನೆನಪಿರಲಿ, ಇಬ್ಬರ ಹೆಸರೂ ನಿಮ್ಮ ಮೊದಲ ಪ್ಯಾರಾದಲ್ಲೇ ಬರಬೇಕು ಅಂತ ನಾನು ಹೇಳುವುದು ಅದಕ್ಕೇ.

ಕರಾವಳಿಯ ಕೃತಿ ಆರಿಸುವವರಿಗೆ ಇನ್ನೊಂದು ಗಂಭೀರ ವಿಷಯ ಉಂಟು. ಮೂಲ ಅಂತ ನಾವು ಕರೆಯುವುದೇ ಕೆಲವು ಸಲ ಒಂದು ಅನುವಾದ. ಕಾರಂತರ "ಚೋಮನ ದುಡಿ" 1933ರದ್ದು, ಕನ್ನಡ ಕಾದಂಬರಿ, ಆದರೆ ಚೋಮ ತನ್ನ ಗುಡಿಸಲಿನಲ್ಲಿ ಮಕ್ಕಳ ಹತ್ತಿರ ಮಾತಾಡುವ ಭಾಷೆ ತುಳು ಅಂತ ನಮಗೆಲ್ಲ ಗೊತ್ತುಂಟು. ಕಾರಂತರು ಆ ತುಳುವನ್ನು ಕನ್ನಡದಲ್ಲಿ ಕೇಳಿಸಿದರು, ಆಮೇಲೆ ಇಂಗ್ಲಿಷ್ ಅನುವಾದಕರು ಆ ಕನ್ನಡವನ್ನು ಇಂಗ್ಲಿಷ್‌ನಲ್ಲಿ ಕೇಳಿಸಿದರು. ಇಲ್ಲಿ ಎರಡು ಮೆಟ್ಟಿಲು. ಹಾಗಾಗಿ ಚೋಮನ ಮಾತಿನ ಶೈಲಿ ಅಂತ ಬರೀಲಿಕ್ಕೆ ಹೊರಟರೆ ಬಹಳ ಜಾಗ್ರತೆ ಬೇಕು. ಅದರ ಬದಲು ದುಡಿಯನ್ನೇ, ಅಂದ್ರೆ ಅವನು ಬಾರಿಸುವ ಆ ಚರ್ಮವಾದ್ಯವನ್ನೇ, ಹಿಡೀರಿ. ಉಳಲಿಕ್ಕೆ ಭೂಮಿ ಇಲ್ಲದವನ ಹತ್ತಿರ ಒಂದು ಜೊತೆ ಎತ್ತು ಇರುವುದು, ಮಾತಿನಲ್ಲಿ ಹೇಳಲಿಕ್ಕೆ ಆಗದ್ದನ್ನೆಲ್ಲ ಅವನು ದುಡಿಯಲ್ಲಿ ಬಾರಿಸುವುದು, ಕೊನೆಯ ದುಡಿ ಸದ್ದಿನವರೆಗೆ ಅದು ಎಲ್ಲೆಲ್ಲಿ ಬರ್ತದೆ, ಯಾವ ಘಟನೆಯ ಬೆನ್ನಿಗೆ ಬರ್ತದೆ ಅಂತ ಪಟ್ಟಿ ಮಾಡಿ. ದುಡಿ ಸದ್ದಿಗೆ ಅನುವಾದ ಬೇಡ. ತುಳು ಬರುವ ವಿದ್ಯಾರ್ಥಿ ಚೋಮನ ಒಂದು ಮಾತನ್ನು ತುಳುವಿನಲ್ಲಿ ಹೇಗೆ ಹೇಳ್ತಿದ್ದ ಅಂತ ಊಹೆ ಮಾಡಿ ಬರೀಬಹುದಾ ಅಂತ ಕೇಳ್ತಾರೆ. ಬರೀಬಹುದು, ಆದರೆ ಊಹೆ ಅಂತಲೇ ಹೇಳಿ ಬರೀಬೇಕು, ಆಧಾರ ಅಂತ ಅಲ್ಲ. ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಕೂಡ ಹೀಗೇ, ಪಾತ್ರಗಳ ಮನೆಮಾತು ಬೇರೆ, ಬರಹದ ಭಾಷೆ ಬೇರೆ. ಅದರ ಇಂಗ್ಲಿಷ್ ಹೆಸರು "ಬ್ರೇಕಿಂಗ್ ಟೈಸ್", ಕನ್ನಡದಲ್ಲಿ ಹೊಳೆ ಮುಂದೆ ನಿಂತಿದೆ, ಇಂಗ್ಲಿಷ್‌ನಲ್ಲಿ ಮುರಿದ ಸಂಬಂಧ. ಪುಸ್ತಕ ಬಿಡಿಸುವ ಮೊದಲೇ ಓದುಗನ ನಿರೀಕ್ಷೆ ಬೇರೆ ಬೇರೆ ಆಗ್ತದೆ, ಒಂದು ಒಳ್ಳೇ ಪ್ಯಾರಾಗೆ ಅಷ್ಟು ಸಾಕು.

ಒಂದೇ ಕೃತಿಗೆ ಎರಡು ಅನುವಾದ ಇದ್ದರೆ ನಿಮ್ಮ ಅದೃಷ್ಟ. ಗುಲ್ವಾಡಿ ವೆಂಕಟರಾಯರ "ಇಂದಿರಾಬಾಯಿ" 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಬಾಲವಿಧವೆಯೊಬ್ಬಳು ಓದಿ ಮರುಮದುವೆ ಆಗುವ ಕಥೆ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರು. 1903ರಲ್ಲೇ ಕೌಚ್‌ಮನ್ ಅನ್ನುವ ಬ್ರಿಟಿಷ್ ಅಧಿಕಾರಿ ಇಂಗ್ಲಿಷ್‌ಗೆ ತಂದರು, 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಮತ್ತೊಮ್ಮೆ ತಂದರು. ನೂರು ವರ್ಷಕ್ಕಿಂತ ಜಾಸ್ತಿ ಅಂತರ. ಒಬ್ಬರು ಆಳುವ ಸರಕಾರದ ಕಡೆಯವರು, ಇನ್ನಿಬ್ಬರು ಇಲ್ಲಿನ ವಿದ್ವಾಂಸರು. ಹಾಗಂತ ಹಳೇದು ಕೆಟ್ಟದು ಹೊಸದು ಒಳ್ಳೇದು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಒಂದೇ ದೃಶ್ಯ ಆರಿಸಿ, ಎರಡೂ ಕಡೆಯವರು ಯಾರಿಗಾಗಿ ಬರೀತಾ ಇದ್ದರು, ಯಾವ ಪದ್ಧತಿಯನ್ನು ವಿವರಿಸಬೇಕು ಅಂತ ಅವರಿಗೆ ಅನಿಸಿತು, ಯಾವುದನ್ನು ವಿವರಿಸದೆ ಬಿಟ್ಟರು ಅಂತ ನೋಡಿ. ವಾದ ಅಲ್ಲೇ ಸಿಗ್ತದೆ.

ಬರೀಲಿಕ್ಕೆ ಕೂತಾಗ ಮೊದಲ ಪ್ಯಾರಾದಲ್ಲಿ ಲೇಖಕರು ಎಲ್ಲಿ ಹುಟ್ಟಿದರು, ಯಾವ ಪ್ರಶಸ್ತಿ ಬಂತು ಅಂತ ಶುರು ಮಾಡಬೇಡಿ. ಕೃತಿ, ಲೇಖಕ, ಅನುವಾದಕ, ಎರಡು ವರ್ಷ, ನೀವು ಯಾವ ಪಠ್ಯ ಓದಿ ಬರೀತಾ ಇದ್ದೀರಿ ಅನ್ನುವುದು, ಆಮೇಲೆ ವಾದದ ವಾಕ್ಯ, ಮುಗೀತು. ಹೀಗೆ ಇರಬಹುದು: "ಯು.ಆರ್. ಅನಂತಮೂರ್ತಿಯವರ ಸಂಸ್ಕಾರ (1965) ಕಾದಂಬರಿಯನ್ನು ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿ (1976) ಓದಿ ಈ ಪ್ರಬಂಧ ಬರೆಯಲಾಗಿದೆ. ಭಾಷೆಯ ಕುರಿತ ಮಾತು ಬಂದಲ್ಲಿ ಮಾತ್ರ ಕನ್ನಡ ಮೂಲವನ್ನು ಜೊತೆಗಿಟ್ಟು ನೋಡಲಾಗಿದೆ." ಈ ಎರಡು ವಾಕ್ಯ ಹಾಕಿದ ಕೂಡಲೇ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರ್ತದೆ. ಮುಂದಿನ ಪ್ಯಾರಾಗಳಲ್ಲಿ ಪ್ರತಿ ಸಲ ಒಂದು ವಿಷಯ ಹೇಳಿ, ಪುಸ್ತಕದಿಂದ ಚಿಕ್ಕ ಸಾಲು ಕೊಡಿ, ಆ ಸಾಲಿನಲ್ಲಿ ನಿಮಗೆ ಕಂಡದ್ದನ್ನು ಬಿಡಿಸಿ ಹೇಳಿ, ಅದು ವಾದಕ್ಕೆ ಹೇಗೆ ಸೇರ್ತದೆ ಅಂತ ಹೇಳಿ. ಉದ್ದುದ್ದ ಕೋಟ್ ಹಾಕಿ ಪುಟ ತುಂಬಿಸಿದರೆ ಗೊತ್ತಾಗ್ತದೆ. ಕ್ರಿಯಾಪದದಲ್ಲೂ ಜಾಗ್ರತೆ, ಘಟನೆಯ ಬಗ್ಗೆ ಹೇಳುವಾಗ "ಅನಂತಮೂರ್ತಿ ತೋರಿಸುತ್ತಾರೆ" ಅಂತ ಬರೀಬಹುದು, ವಾಕ್ಯದ ಲಯದ ಬಗ್ಗೆ ಹೇಳುವಾಗ "ರಾಮಾನುಜನ್ ಅನುವಾದದಲ್ಲಿ ಹೀಗೆ ಕೇಳಿಸುತ್ತದೆ" ಅಂತ ಬರೀಬೇಕು.

ಕನ್ನಡ ಸಾಲು ಕೋಟ್ ಮಾಡುವಾಗ ಕನ್ನಡ ಲಿಪಿಯಲ್ಲೇ ಹಾಕಿ, ಪಕ್ಕದಲ್ಲಿ ಅನುವಾದದ ಸಾಲು, ಎರಡಕ್ಕೂ ಬೇರೆ ಬೇರೆ ಪುಟ ಸಂಖ್ಯೆ, ಯಾವ ಮುದ್ರಣ ಅಂತಲೂ ಇರಲಿ, ಮರುಮುದ್ರಣದಲ್ಲಿ ಪುಟ ಬದಲಾಗ್ತದೆ. ನೀವೇ ಅನುವಾದ ಮಾಡಿ ಕೊಟ್ಟ ಸಾಲಾದರೆ ಅನುವಾದ ನನ್ನದು ಅಂತ ಬರೀಬೇಕು. ಆಧಾರ ಗ್ರಂಥಗಳನ್ನು ಬರೆಯುವ ಎಂಎಲ್‌ಎ ಪದ್ಧತಿ ಕೇಳಿದ್ದರೆ ಲೇಖಕರ ಹೆಸರು ಮೊದಲು, ಕೃತಿಯ ಹೆಸರು, ಆಮೇಲೆ ಅನುವಾದಕರ ಹೆಸರು, ಪ್ರಕಾಶಕರು, ವರ್ಷ. ನಿಮ್ಮ ಎಸ್ಸೇ ಅನುವಾದದ ಬಗ್ಗೆಯೇ ಆಗಿದ್ದರೆ ಅನುವಾದಕರ ಹೆಸರನ್ನೇ ಮೊದಲು ಹಾಕಲಿಕ್ಕೆ ಅವಕಾಶ ಉಂಟು. ಚಾಟ್‌ಜಿಪಿಟಿ ಕೊಟ್ಟ ಕೋಟ್, ಪುಟ ಸಂಖ್ಯೆ ಪುಸ್ತಕ ತೆಗೆದು ನೋಡದೆ ಹಾಕಲೇ ಬೇಡಿ, ಇಲ್ಲದ ಸಾಲನ್ನು ಇದೆ ಅಂತ ಕೊಡ್ತದೆ.

ಹೊರಗಿನ ಭಾಷೆಯಿಂದ ಕನ್ನಡಕ್ಕೆ ಬಂದ ಕೃತಿ ಆದರೆ ಒಂದು ಪ್ರಶ್ನೆ ಜಾಸ್ತಿ, ಅದು ನೇರ ಮೂಲದಿಂದ ಬಂತಾ ಅಥವಾ ಇಂಗ್ಲಿಷ್ ಹಾದಿಯಲ್ಲಿ ಬಂತಾ? ರಷ್ಯನ್, ಫ್ರೆಂಚ್ ಕೃತಿಗಳು ಎಷ್ಟೋ ಇಂಗ್ಲಿಷ್ ಮೂಲಕವೇ ಬಂದಿವೆ. ಮುನ್ನುಡಿಯಲ್ಲಿ ಅನುವಾದಕರು ಹೇಳಿರ್ತಾರೆ, ಹೇಳದಿದ್ದರೆ ಆ ಎಸ್ಸೇಯನ್ನು ಪೂರ್ತಿ ಎಡಭಾಗದ ಪಾಯಿಂಟ್ ಮೇಲೆ ಕಟ್ಟಿ, ಭಾಷೆಯ ಬಗ್ಗೆ ಮಾತಾಡುವುದಾದರೆ ಕನ್ನಡ ಅನುವಾದದ ಕನ್ನಡ ಹೇಗಿದೆ ಅಂತ ಮಾತ್ರ ಮಾತಾಡಿ.

ಡ್ರಾಫ್ಟ್ ಆದ ಮೇಲೆ ಎರಡು ದಿನ ಬಿಟ್ಟು ಜೋರಾಗಿ ಓದಿ. ಶೈಲಿ, ಭಾಷೆ, ಧಾಟಿ, ಲಯ ಅನ್ನುವ ಪದ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಂದೊಂದರ ಎದುರೂ ಮೂಲ ನೋಡಿದ್ದೇನಾ ಅಂತ ಕೇಳಿ, ನೋಡಿಲ್ಲಾಂದ್ರೆ ನೋಡಿ ಬನ್ನಿ ಇಲ್ಲಾ ವಾಕ್ಯ ತೆಗೀರಿ. ಕಥೆಯ ಸಾರಾಂಶ ಎರಡು ವಾಕ್ಯಕ್ಕಿಂತ ಉದ್ದ ಹೋದ ಕಡೆ ಕತ್ತರಿಸಿ. ಹಿನ್ನುಡಿ ಓದುವುದು ಈಗ. ಓದಿ, ನೀವು ಹೇಳಿದ್ದನ್ನೇ ಅವರೂ ಹೇಳಿದ್ದರೆ ಅವರ ಹೆಸರು ಹೇಳಿ ಒಪ್ಪಿಕೊಳ್ಳಿ, ನಿಮ್ಮದು ಬೇರೆ ಆಗಿದ್ದರೆ ಎಲ್ಲಿ ಬೇರೆ ಅಂತ ಒಂದು ಪ್ಯಾರಾ ಸೇರಿಸಿ, ಎಷ್ಟು ದೊಡ್ಡವರು ಬರೆದದ್ದಾದರೂ ಹೆದರಬೇಡಿ. ಕೊನೆಗೆ ಪಾತ್ರಗಳ ಹೆಸರಿನ ಸ್ಪೆಲಿಂಗ್ ಶುರುವಿಂದ ಕೊನೆಯವರೆಗೆ ಒಂದೇ ಥರ ಉಂಟಾ ನೋಡಿ, ಅನುವಾದಕರ ಹೆಸರು ಕವರ್ ಪೇಜಿನಲ್ಲೂ ಹಾಕಿ, ಪ್ರಿಂಟ್ ತೆಗೆದು ಕೊಡಿ.